ಬಾವಿಯಲ್ಲಿ ಪೆಟ್ರೋಲ್ ವಾಸನೆ: ಮಳೆಗೆ ಮಾಯವಾದದ್ದು ಬೇಸಿಗೆಗೆ ಮರಳಿದ್ದೇಕೆ?

ಪ್ರಶ್ನೆ: ನಮ್ಮ ಮನೆ ಕರಾವಳಿಯ ಹೆದ್ದಾರಿಯೊಂದರ ಬದಿಯಲ್ಲಿದೆ. ಸುಮಾರು 60 ಮೀಟರ್ ದೂರದಲ್ಲಿ, ನಮಗಿಂತ ಎತ್ತರದ ಜಾಗದಲ್ಲಿ, ಹಳೆಯ ಪೆಟ್ರೋಲ್ ಬಂಕ್ ಇದೆ. ಕಳೆದ ಏಪ್ರಿಲಿನಲ್ಲಿ ಬಾವಿಯ ನೀರಿಗೆ ಪೆಟ್ರೋಲ್ ವಾಸನೆ ಬಂತು. ಜೂನ್ ಮಳೆಗೆ ಅದು ಹೋಯಿತೆಂದು ನೆಮ್ಮದಿಯಿಂದಿದ್ದೆವು. ಈಗ ಫೆಬ್ರುವರಿಯಲ್ಲಿ ಮತ್ತೆ ಬಂದಿದೆ. ದಿನದ ಲೆಕ್ಕ ಸರಿಯಾಗಿದೆ, ಸೋರಿಕೆ ಇಲ್ಲ ಎಂದು ಬಂಕಿನವರು ಹೇಳುತ್ತಾರೆ. ಬಾವಿಯನ್ನು ಖಾಲಿ ಮಾಡಿಸಿ, ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದರೆ ಸಾಕೇ? ನೆಲದೊಳಗೆ ಹೋದ ಪೆಟ್ರೋಲನ್ನು ತೆಗೆಯಲು ಆಗುತ್ತದೆಯೇ? ಅದರ ಖರ್ಚು ಯಾರದು?

ಉತ್ತರ: ಬಾವಿ ಖಾಲಿ ಮಾಡಿಸಲು ಆಳುಗಳನ್ನು ಗೊತ್ತುಮಾಡಿದ್ದರೆ ದಯವಿಟ್ಟು ಇಂದೇ ಬೇಡವೆಂದು ಹೇಳಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರವಾದದ್ದು. ಅದು ಮೇಲೇರಿ ಚದುರಿಹೋಗದೆ ಬಾವಿಯೊಳಗೆ, ನೀರಿನ ಮೇಲೆ ನಿಂತುಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಒಂದೂವರೆಯಷ್ಟಾದರೂ ಹೊತ್ತಿಕೊಳ್ಳುತ್ತದೆ, ಅದಕ್ಕೆ ಪಂಪಿನ ಸ್ವಿಚ್ಚಿನ ಕಿಡಿಯೊಂದು ಸಾಕು. ಕಿಡಿ ತಾಗದಿದ್ದರೂ ಇಳಿದವರು ಆ ಆವಿಯನ್ನು ಉಸಿರಾಡಿ ಎಚ್ಚರ ತಪ್ಪಬಹುದು, ಅವರನ್ನು ಎತ್ತಲು ಇಳಿದವರ ಗತಿಯೂ ಅದೇ ಆಗಬಹುದು. ಆದ್ದರಿಂದ ಅಳತೆ ಉಪಕರಣವೂ ಉಸಿರಾಟದ ಸಾಧನವೂ ಇರುವ ತರಬೇತಾದವರ ಹೊರತು ಯಾರೂ ಆ ಬಾವಿಗೆ ಇಳಿಯಬಾರದು. ಬಾವಿಯೊಳಗೆ ಅಥವಾ ಕಟ್ಟೆಯ ಪಕ್ಕದಲ್ಲಿ ಪಂಪ್ ಇದ್ದರೆ ಅದರ ವಿದ್ಯುತ್ತನ್ನು ಮನೆಯ ಮುಖ್ಯ ಫಲಕದಲ್ಲೇ ಕಡಿದುಬಿಡಿ. ನಿಮ್ಮ ಸುತ್ತಿನಲ್ಲಿ ಯಾರದಾದರೂ ತೋಟಕ್ಕೆ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬರುತ್ತಿದ್ದರೆ ಈ ಎಚ್ಚರಿಕೆ ಅವರಿಗೂ ತಲುಪಲಿ, ಏಕೆಂದರೆ ಸುರಂಗದಲ್ಲಿ ಗಾಳಿಯಾಡುವುದು ಬಾವಿಗಿಂತಲೂ ಕಡಿಮೆ.

ಎರಡನೆಯದಾಗಿ, ಆ ನೀರನ್ನು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸಬೇಡಿ. ಕುದಿಸಿದರೆ ಪೆಟ್ರೋಲಿನ ಅಂಶಗಳು ನೀರಿನಿಂದ ಅಡುಗೆಮನೆಯ ಗಾಳಿಗೆ ಹೋಗುತ್ತವೆ, ಬಿಸಿನೀರಿನ ಸ್ನಾನದಲ್ಲೂ ಹಾಗೆಯೇ. ಬ್ಲೀಚಿಂಗ್ ಪೌಡರ್ ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಪೆಟ್ರೋಲನ್ನು ತೆಗೆಯುವುದಿಲ್ಲ. ಮನೆಯ ಸಾಮಾನ್ಯ ನೀರಿನ ಶುದ್ಧಕವನ್ನು ಈ ಕೆಲಸಕ್ಕೆ ನಂಬುವಂತಿಲ್ಲ. ಅದರೊಳಗಿನ ಇದ್ದಿಲಿನ ಪದರ ಕೆಲವು ದಿನ ವಾಸನೆಯನ್ನು ಹಿಡಿದಿಟ್ಟು, ತುಂಬಿದ ಮೇಲೆ ಸುಮ್ಮನೆ ಬಿಟ್ಟುಬಿಡುತ್ತದೆ. ವಾಸನೆಯೇ ಇಲ್ಲದಿದ್ದರೂ ನೀರು ಸುರಕ್ಷಿತವೆಂದು ಹೇಳಲಾಗದು. ಪೆಟ್ರೋಲಿನಲ್ಲಿರುವ ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಸಾಬೀತಾಗಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿದ ಮೇಲೆಯೇ ಬೆಂಜೀನ್ ಮೂಗಿಗೆ ಗೊತ್ತಾಗುವುದು. ನಿಮ್ಮ ಮೂಗು ಈಗ ಹಿಡಿದಿರುವುದು ಬಹುಶಃ ಅದರ ಜೊತೆಗಿರುವ ಟೊಲೀನ್, ಕ್ಸೈಲೀನ್ ಮೊದಲಾದವುಗಳನ್ನು.

ಬಾವಿ ಖಾಲಿ ಮಾಡುವುದು ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಬಾವಿಯ ನೀರನ್ನು ಜೋರಾಗಿ ಎತ್ತಿದಾಗ ಸುತ್ತಲಿನ ಅಂತರ್ಜಲ ಆಲಿಕೆಯ ಆಕಾರದಲ್ಲಿ ಬಾವಿಯ ಕಡೆಗೆ ಇಳಿಯುತ್ತದೆ, ಬಂಕಿನ ಕೆಳಗೆ ನಿಂತಿರುವ ಪೆಟ್ರೋಲ್ ಆ ಇಳಿಜಾರನ್ನು ಹಿಡಿದು ನಿಮ್ಮತ್ತ ಬರುತ್ತದೆ. ತೊಳೆದ ಬಾವಿ ಒಂದೆರಡು ವಾರ ಚೆನ್ನಾಗಿ ಕಂಡು, ಆಮೇಲೆ ಮೊದಲಿಗಿಂತ ಹೆಚ್ಚು ಕೆಟ್ಟುಹೋದ ಉದಾಹರಣೆಯನ್ನು ನಾನೇ ನೋಡಿದ್ದೇನೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ವಾಸನೆ ಮಳೆಗಾಲಕ್ಕೆ ಹೋಗಿ ಬೇಸಿಗೆಗೆ ಬಂದದ್ದು ಬಹಳ ಮಹತ್ವದ ಸುಳಿವು. ಪೆಟ್ರೋಲಿನ ಒಂದು ಲೀಟರ್ ಸುಮಾರು 740 ಗ್ರಾಂ ತೂಗುತ್ತದೆ, ಡೀಸೆಲ್ ಸುಮಾರು 830 ಗ್ರಾಂ. ಎರಡೂ ನೀರಿಗಿಂತ ಹಗುರ. ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ಮಣ್ಣಿನಲ್ಲಿ ಇಳಿಯುತ್ತ, ದಾರಿಯುದ್ದಕ್ಕೂ ರಂಧ್ರಗಳಲ್ಲಿ ಒಂದಿಷ್ಟು ಉಳಿಯುತ್ತ, ಕೊನೆಗೆ ಅಂತರ್ಜಲದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ಜಲಮಟ್ಟ ಹಲವು ಮೀಟರ್ ಏರಿದಾಗ ಆ ಪೆಟ್ರೋಲೆಲ್ಲವೂ ನೀರಿನ ಜೊತೆ ಮೇಲಕ್ಕೆ ಬರುವುದಿಲ್ಲ. ಬಹುಪಾಲು ಸಣ್ಣ ಸಣ್ಣ ಹನಿಗಳಾಗಿ ಕಲ್ಲಿನ ರಂಧ್ರಗಳಲ್ಲಿ ನೀರಿನ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಹೊಸ ಮಳೆನೀರು ಸೇರುವುದರಿಂದ ನಿಮ್ಮ ಬಾವಿಯ ನೀರು ತೆಳುವಾಗಿ ವಾಸನೆ ಅಡಗುತ್ತದೆ. ಬೇಸಿಗೆಯಲ್ಲಿ ಜಲಮಟ್ಟ ಇಳಿಯುತ್ತಿದ್ದಂತೆ ಸಿಕ್ಕಿಕೊಂಡಿದ್ದ ಹನಿಗಳು ಬಿಡುಗಡೆಯಾಗಿ, ಜಿನುಗಿ, ಮತ್ತೆ ತೇಲುವ ಪದರವಾಗುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಮೇ ತಿಂಗಳಲ್ಲಿ ಬಾವಿಗಳು ತಳ ಕಾಣುವ ನಮ್ಮ ಕರಾವಳಿಯಲ್ಲಿ ಈ ಏರಿಳಿತ ದೊಡ್ಡದು. ಹೀಗಾಗಿ ಪೆಟ್ರೋಲ್ ಮೆತ್ತಿಕೊಂಡ ಮಣ್ಣಿನ ದಪ್ಪವೂ ದೊಡ್ಡದು. ಮಳೆಗಾಲದಲ್ಲಿ ಬಾವಿ ತಾನಾಗಿ ಸರಿಯಾಯಿತೆಂದು ಯಾರಾದರೂ ವರದಿ ಬರೆದುಕೊಟ್ಟರೆ ಅದನ್ನು ಒಪ್ಪಿಕೊಳ್ಳಬೇಡಿ.

ನಿಮ್ಮ ಊರಿನ ನೆಲವೂ ಇದರಲ್ಲಿ ಪಾಲುದಾರ. ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರ ಕೆಳಗೆ ನುಣುಪಾದ ಶೇಡಿ ಮಣ್ಣು ಇರುವುದು ಕರಾವಳಿಯಲ್ಲಿ ಬಾವಿ ತೋಡಿಸಿದವರಿಗೆಲ್ಲ ಗೊತ್ತು. ಮುರಕಲ್ಲಿನೊಳಗೆ ಬೆರಳು, ಕೆಲವೆಡೆ ಕೈಯೇ ತೂರುವಷ್ಟು ದೊಡ್ಡ ಕೊಳವೆಯಂಥ ಪೊಳ್ಳುಗಳಿರುತ್ತವೆ. ಶೇಡಿ ಮಣ್ಣು ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ನೀರು ಇವೆರಡರ ನಡುವಿನ ಗಡಿಯಲ್ಲಿ ತಗ್ಗಿನತ್ತ ಹರಿಯುತ್ತದೆ. ಪೆಟ್ರೋಲಿಗೂ ಅದೇ ದಾರಿ. ಮರಳು ನೆಲದಲ್ಲಿ ಅದು ಅಂಬಲಿ ಚೆಲ್ಲಿದಂತೆ ಎಲ್ಲ ಕಡೆ ನಿಧಾನವಾಗಿ ಹರಡಿದರೆ, ಮುರಕಲ್ಲಿನಲ್ಲಿ ಒಂದು ಪೊಳ್ಳನ್ನು ಹಿಡಿದು ಬೇಗ ದೂರ ಹೋಗಬಲ್ಲದು. ನಿಮ್ಮ ಬಾವಿ ಕೆಟ್ಟು, ಬಂಕಿಗೆ ಇನ್ನೂ ಹತ್ತಿರದ ಬಾವಿ ಚೆನ್ನಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ, ಅಷ್ಟರಿಂದಲೇ ಬಂಕಿನ ಮೇಲಿನ ಅನುಮಾನ ಸುಳ್ಳಾಗುವುದೂ ಇಲ್ಲ.

ಬಂಕಿನವರ ಲೆಕ್ಕ ಸರಿಯಾಗಿದೆ ಎಂಬ ಮಾತು ಪ್ರಾಮಾಣಿಕವಾಗಿಯೇ ಇರಬಹುದು. ಆದರೆ ಆ ಲೆಕ್ಕ ಎಷ್ಟು ಸೂಕ್ಷ್ಮವಾದದ್ದೆಂದು ನೋಡಿ. 20,000 ಲೀಟರಿನ, ಎರಡು ಮೀಟರ್ ವ್ಯಾಸದ ಮಲಗಿಸಿದ ಟ್ಯಾಂಕು ಅರ್ಧ ತುಂಬಿರುವಾಗ ಡಿಪ್ ರಾಡಿನ (ಮಟ್ಟ ನೋಡಲು ಟ್ಯಾಂಕಿಗೆ ಇಳಿಸುವ ಅಳತೆಕೋಲಿನ) ಮೇಲಿನ ಒಂದು ಮಿಲಿಮೀಟರ್ ಎಂದರೆ ಸುಮಾರು 13 ಲೀಟರ್. ಎರಡು ಮಿಲಿಮೀಟರ್ ತಪ್ಪು ಓದಿದರೆ 25 ಲೀಟರ್ ಆಚೀಚೆಯಾಯಿತು. ಪೆಟ್ರೋಲ್ ಒಂದು ಡಿಗ್ರಿ ತಣ್ಣಗಾದರೆ ಸಾವಿರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗುತ್ತದೆ. ಬಿಸಿಲಲ್ಲಿ ಬಂದ 12,000 ಲೀಟರ್ ನೆಲದಡಿಯಲ್ಲಿ ಐದು ಡಿಗ್ರಿ ತಣಿದರೆ ಸುಮಾರು 70 ಲೀಟರ್ ಲೆಕ್ಕದಿಂದ ಕಾಣೆಯಾಗುತ್ತದೆ. ಸೆಕೆಂಡಿಗೆ ಒಂದು ಹನಿ ಸೋರುವ ಜೋಡಣೆಯಿಂದ ಹೋಗುವುದು ದಿನಕ್ಕೆ ಸುಮಾರು ಎರಡೇ ಲೀಟರ್. ಇಷ್ಟೆಲ್ಲ ಏರುಪೇರಿನ ನಡುವೆ ಅದು ದಿನದ ಪುಸ್ತಕದಲ್ಲಿ ಕಾಣುವುದಾದರೂ ಹೇಗೆ? ಆದರೆ ವರ್ಷಕ್ಕೆ ಅದು 700 ಲೀಟರಿಗೂ ಮೀರುತ್ತದೆ, ಒಂದು ಬಡಾವಣೆಯ ಬಾವಿಗಳನ್ನು ಕೆಡಿಸಲು ಅದು ಸಾಲದೆಂದು ನಾನು ಹೇಳಲಾರೆ.

ಆದ್ದರಿಂದ ಕೇಳಬೇಕಾದದ್ದು ಒಂದು ದಿನದ ಲೆಕ್ಕವನ್ನಲ್ಲ, ಕನಿಷ್ಠ ಎರಡು ವರ್ಷಗಳ ಡಿಪ್ ರಿಜಿಸ್ಟರನ್ನು. ಅಳತೆಯ ತಪ್ಪು ಒಂದು ದಿನ ಹೆಚ್ಚಾಗಿ, ಇನ್ನೊಂದು ದಿನ ಕಡಿಮೆಯಾಗಿ ತನ್ನಷ್ಟಕ್ಕೆ ಸರಿಹೋಗುತ್ತದೆ. ಸೋರಿಕೆ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ. ಟ್ಯಾಂಕು ಟ್ಯಾಂಕಾಗಿ ಬೇರ್ಪಡಿಸಿ ವ್ಯತ್ಯಾಸಗಳನ್ನು ಕೂಡಿಸುತ್ತ ಹೋದರೆ ಯಾವ ಟ್ಯಾಂಕಿನ ಗೆರೆ ಕೆಳಗಿಳಿಯುತ್ತಿದೆ ಎಂಬುದು ಕಾಣತೊಡಗುತ್ತದೆ. ಇದರ ಜೊತೆ ನಾನು ಮೊದಲು ನೋಡುವುದು ಜೂನ್‌ನಿಂದ ಆಗಸ್ಟ್‌ವರೆಗೆ ಟ್ಯಾಂಕಿನೊಳಗೆ ಎಷ್ಟು ನೀರು ಸಿಕ್ಕಿತೆಂಬ ದಾಖಲೆಯನ್ನು. ಮಳೆಗಾಲದಲ್ಲಿ ಜಲಮಟ್ಟ ಟ್ಯಾಂಕಿಗಿಂತ ಮೇಲೇರಿದಾಗ ಒತ್ತಡ ಹೊರಗಿನಿಂದ ಒಳಗೆ ಬೀಳುತ್ತದೆ. ಬೇಸಿಗೆಯಲ್ಲಿ ಪೆಟ್ರೋಲ್ ಹೊರಗೆ ಬಿಡುವ ತೂತೇ ಆಗ ನೀರನ್ನು ಒಳಗೆ ಬಿಡುತ್ತದೆ. ನಿಮ್ಮ ಬಾವಿಯ ಕಾಲಮಾನಕ್ಕೂ ಇದು ಹೊಂದಿಕೊಳ್ಳುತ್ತದೆ. ಆದರೆ ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇರುವುದರಿಂದ ಅದು ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ, ಹಾಗಾಗಿ ತಳದಲ್ಲಿ ನೀರು ಕಾಣಲಿಲ್ಲವೆಂದ ಮಾತ್ರಕ್ಕೆ ಟ್ಯಾಂಕು ಗಟ್ಟಿಯಿದೆ ಎನ್ನುವಂತಿಲ್ಲ.

ಸೋರಿಕೆ ಟ್ಯಾಂಕಿನಲ್ಲೇ ಇರಬೇಕೆಂದೇನಿಲ್ಲ. ಟ್ಯಾಂಕಿನಿಂದ ವಿತರಣಾ ಯಂತ್ರಕ್ಕೆ ಹೋಗುವ ಪೈಪಿನ ಜೋಡಣೆಗಳು, ಯಂತ್ರದ ಕೆಳಗಿನ ಗುಂಡಿ, ಲಾರಿಯಿಂದ ಇಳಿಸುವಾಗ ಪ್ರತಿ ಸಲ ಸ್ವಲ್ಪ ಚೆಲ್ಲುವ ತುಂಬುವ ಬಾಯಿ, ಇವುಗಳ ಪಾಲು ದೊಡ್ಡದು. ಪೈಪಿನ ಬಗೆಯೂ ಮುಖ್ಯ. ಯಂತ್ರವೇ ಪೆಟ್ರೋಲನ್ನು ಮೇಲಕ್ಕೆ ಹೀರುವ ಹಳೆಯ ವ್ಯವಸ್ಥೆಯಲ್ಲಿ ಪೈಪು ತೂತಾದರೆ ಗಾಳಿ ಒಳಗೆ ಸೇರಿ ಯಂತ್ರ ತಡವರಿಸುತ್ತದೆ, ಬಂಕಿನ ಹುಡುಗರಿಗೇ ಅದು ಮೊದಲು ಗೊತ್ತಾಗುತ್ತದೆ. ಟ್ಯಾಂಕಿನೊಳಗಿನ ಪಂಪ್ ಒತ್ತಡದಿಂದ ತಳ್ಳುವ ವ್ಯವಸ್ಥೆಯಲ್ಲಾದರೆ ತೂತಿನಿಂದ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ, ಮೇಲೆ ಮಾರಾಟ ಏನೂ ಆಗದಂತೆ ನಡೆಯುತ್ತದೆ. ಹೀಗಾಗಿ ಟ್ಯಾಂಕಿಗೂ ಪೈಪಿಗೂ ಬೇರೆ ಬೇರೆಯಾಗಿ ಬಿಗಿತ ಪರೀಕ್ಷೆ ಆಗಬೇಕು. ಆ ಪರೀಕ್ಷೆಗೂ ಮಿತಿಯಿದೆ: ಅಮೆರಿಕದ ನಿಯಮ ಕೇಳುವುದು ಗಂಟೆಗೆ 0.1 ಗ್ಯಾಲನ್, ಅಂದರೆ ಸುಮಾರು 0.38 ಲೀಟರ್ ಸೋರಿಕೆಯನ್ನು ಹಿಡಿಯುವ ಪರೀಕ್ಷೆಯನ್ನು. ದಿನಕ್ಕೆ ಇದು ಒಂಬತ್ತು ಲೀಟರ್. ಅದಕ್ಕಿಂತ ಸಣ್ಣದು ತಪ್ಪಿಸಿಕೊಳ್ಳಬಹುದು, ಆದ್ದರಿಂದ ಉತ್ತೀರ್ಣವೆಂಬ ಪತ್ರ ಬಂದರೂ ಮಣ್ಣು ಮತ್ತು ನೀರಿನ ಸಾಕ್ಷ್ಯವನ್ನು ಬದಿಗಿಡಲಾಗದು.

ಸೋರಿಕೆ ಇಂದಿನದೋ, ಹಿಂದಿನದೋ ಎಂಬುದನ್ನೂ ತಿಳಿಯಬಹುದು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ರ ಫೆಬ್ರುವರಿಯಿಂದ ನಿಂತಿತು. ನೆಲದೊಳಗೆ ಸಿಕ್ಕ ಪೆಟ್ರೋಲಿನಲ್ಲಿ ಆ ಸೀಸದ ಸಂಯುಕ್ತವಿದ್ದರೆ ಅದು ಕಾಲು ಶತಮಾನಕ್ಕೂ ಹಳೆಯದು. ಎಥೆನಾಲನ್ನು ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುವುದರಿಂದ ಅದು ನೀರಿನಲ್ಲಿ ಸಿಕ್ಕಿತೆಂದರೆ ಸೋರಿಕೆ ಈಗಲೂ ನಡೆಯುತ್ತಿದೆ ಎಂದೇ ಬಲವಾಗಿ ಶಂಕಿಸಬೇಕು. ಬೆಂಜೀನ್, ಟೊಲೀನ್ ಕಡಿಮೆಯಾಗಿ ಭಾರವಾದ ಅಂಶಗಳೇ ಉಳಿದಿದ್ದರೆ ಬಹುಶಃ ಹಳೆಯದು. ಹೊಣೆ ಯಾರದೆಂಬ ವಾದ ಬಂದಾಗ ಈ ವಿವರಗಳಿಗೆ ಬೆಲೆ ಬರುತ್ತದೆ.

ಈಗ ತನಿಖೆಯ ವಿಚಾರ. ನಿಮ್ಮ ನೀರನ್ನು ಪರೀಕ್ಷೆಗೆ ಕೊಡುವಾಗ ಸುಮ್ಮನೆ ನೀರಿನ ಪರೀಕ್ಷೆ ಎಂದರೆ ಗಡಸುತನ, ಕಬ್ಬಿಣ, ರೋಗಾಣು ನೋಡಿ ಕಳಿಸುತ್ತಾರೆ. ಬೆಂಜೀನ್, ಟೊಲೀನ್, ಎಥೈಲ್ ಬೆಂಜೀನ್, ಕ್ಸೈಲೀನ್ ಮತ್ತು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಎಂದು ಹೆಸರಿಸಿ ಕೇಳಬೇಕು, ಗ್ಯಾಸ್ ಕ್ರೊಮಟೋಗ್ರಫಿ (ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಇರುವ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕೊಡಬೇಕು. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದರೆ ಕೆಲಸ ಕೆಟ್ಟಿತು. ಪ್ರಯೋಗಾಲಯವೇ ಕೊಡುವ 40 ಮಿಲಿಲೀಟರಿನ ಗಾಜಿನ ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿಟ್ಟು ಬೇಗ ತಲುಪಿಸಬೇಕು. ಗುಳ್ಳೆಯಿದ್ದರೆ ಬೆಂಜೀನ್ ನೀರಿನಿಂದ ಅದಕ್ಕೆ ಹೋಗಿ, ವರದಿ ಸುಳ್ಳು ನೆಮ್ಮದಿ ಕೊಡುತ್ತದೆ.

ಬಂಕಿನ ಅಂಗಳದಲ್ಲಿ ಮತ್ತು ನಿಮ್ಮ ಮನೆಯವರೆಗಿನ ದಾರಿಯಲ್ಲಿ ವೀಕ್ಷಣಾ ಕೊಳವೆಗಳನ್ನು ಕೊರೆಯಬೇಕು. ನೀರು ಯಾವ ಕಡೆ ಹರಿಯುತ್ತಿದೆ ಎಂದು ಹೇಳಲು ಒಂದೇ ಗೆರೆಯಲ್ಲಿರದ ಮೂರು ಕೊಳವೆಗಳಾದರೂ ಬೇಕು. ಮುರಕಲ್ಲಿನಲ್ಲಿ ಮೂರು ಸಾಲದೆಂಬುದು ನನ್ನ ಅನುಭವ. ಕೊರೆಯುವಾಗ ಪ್ರತಿ ಮೀಟರಿನ ಮಣ್ಣಿನ ಆವಿಯನ್ನು ಅಳೆಯಬೇಕು. ಯಾವ ಕಾರಣಕ್ಕೂ ಶೇಡಿ ಮಣ್ಣಿನ ಪದರವನ್ನು ತೂರಿ ಕೆಳಗೆ ಹೋಗಬಾರದು, ಹೋದರೆ ಮೇಲಿನ ಮಾಲಿನ್ಯಕ್ಕೆ ಆಳದ ನೀರಿಗಿಳಿಯಲು ನಾವೇ ದಾರಿ ತೆರೆದಂತಾಗುತ್ತದೆ. ಕೊಳವೆಯ ಜಾಳಿಗೆಯ ಭಾಗ, ಅಂದರೆ ನೀರು ಒಳಬರುವ ಸೀಳುಗಳಿರುವ ಭಾಗ, ಬೇಸಿಗೆಯ ಕನಿಷ್ಠ ಮಟ್ಟ ಮತ್ತು ಮಳೆಗಾಲದ ಗರಿಷ್ಠ ಮಟ್ಟ ಎರಡನ್ನೂ ಒಳಗೊಂಡಿರಬೇಕು. ಅದು ಪೂರ್ತಿ ನೀರಿನಡಿಯಲ್ಲಿದ್ದರೆ ಮೇಲೆ ತೇಲುವ ಪೆಟ್ರೋಲ್ ಕೊಳವೆಯೊಳಗೆ ಬರುವುದೇ ಇಲ್ಲ. ಇದು ಸಣ್ಣ ವಿವರದಂತೆ ಕಂಡರೂ, ಮಾಲಿನ್ಯವಿಲ್ಲ ಎಂದು ಮುಗಿದ ಕೆಲವು ತನಿಖೆಗಳು ಇಲ್ಲಿಯೇ ಎಡವಿವೆ.

ಇದೇ ವೇಳೆಗೆ ಸುತ್ತಲಿನ ಚರಂಡಿ, ಒಳಚರಂಡಿಯ ಗುಂಡಿ, ನೆಲಮಾಳಿಗೆಗಳಲ್ಲೂ ಆವಿಯ ಅಳತೆ ಆಗಲೇಬೇಕು. 1992ರ ಏಪ್ರಿಲ್ 22ರಂದು ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ ನೆಲದಡಿಯ ಪೈಪಿನಿಂದ ಸೋರಿದ ಪೆಟ್ರೋಲ್ ಒಳಚರಂಡಿ ಸೇರಿ ಸ್ಫೋಟಿಸಿತು. ಬೀದಿಗಳೇ ಸೀಳಿ 200ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಮೊದಲಿನ ದಿನಗಳಲ್ಲಿ ಜನ ವಾಸನೆಯ ಬಗ್ಗೆ ದೂರುತ್ತಲೇ ಇದ್ದರು. ನಿಮ್ಮ ಬಚ್ಚಲಿನ ಕೊಳವೆಯಿಂದ ವಾಸನೆ ಬಂದರೆ ಪತ್ರ ಬರೆಯುತ್ತ ಕೂರಬೇಡಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಪೆಟ್ರೋಲನ್ನು ನೆಲದಿಂದ ತೆಗೆಯಲು ಸಾಧ್ಯವೇ ಎಂದು ಕೇಳಿದ್ದೀರಿ. ಬಹುಪಾಲು ಸಾಧ್ಯ, ಪೂರ್ತಿ ಎಂದು ಹೇಳಲಾರೆ. ಮೊದಲು ಸೋರುವ ಟ್ಯಾಂಕನ್ನೋ ಪೈಪನ್ನೋ ಖಾಲಿ ಮಾಡಿ ನಿಲ್ಲಿಸಬೇಕು. ಮಳೆಗಾಲದಲ್ಲಿ ಖಾಲಿ ಟ್ಯಾಂಕನ್ನು ನೆಲದೊಳಗಿನ ನೀರು ದೋಣಿಯಂತೆ ಮೇಲೆತ್ತಿ ಪೈಪುಗಳನ್ನು ಮುರಿಯಬಹುದು, ಹಾಗಾಗಿ ಈ ಕೆಲಸ ಬೇಸಿಗೆಯಲ್ಲೇ ಆಗುವುದು ಒಳ್ಳೆಯದು. ಆಮೇಲೆ ತೇಲುವ ಪದರವನ್ನು ಎತ್ತಬೇಕು. ನಿಮ್ಮ ನೆಲದಲ್ಲಿ ಇದಕ್ಕೆ ತಕ್ಕ ಕಾಲ ಮಾರ್ಚಿನಿಂದ ಮೇ ಕೊನೆಯವರೆಗೆ, ಏಕೆಂದರೆ ಪೆಟ್ರೋಲ್ ಆಗ ಮಾತ್ರ ಬಿಡಿಯಾಗಿ ಸಿಗುತ್ತದೆ; ಪತ್ರವ್ಯವಹಾರದಲ್ಲೇ ಈ ಮೂರು ತಿಂಗಳು ಕಳೆದರೆ ಒಂದು ವರ್ಷವೇ ಹೋದಂತೆ. ಕೊಳವೆಯಲ್ಲಿ ಒಂದಡಿ ಪೆಟ್ರೋಲ್ ಕಂಡರೆ ನೆಲದೊಳಗೂ ಒಂದಡಿ ಇದೆಯೆಂದು ಎಣಿಸಬೇಡಿ, ಕೊಳವೆಯ ಅಳತೆ ಸಾಮಾನ್ಯವಾಗಿ ಹಿಗ್ಗಿಸಿ ತೋರಿಸುತ್ತದೆ.

ಟ್ಯಾಂಕಿನ ಸುತ್ತಲಿನ ನೆನೆದ ಮಣ್ಣನ್ನು ಅಗೆದು ಸಾಗಿಸಬಹುದು, ಆದರೆ ಹೆದ್ದಾರಿಯ ಅಡಿಯಲ್ಲಿ, ನಿಮ್ಮ ಮನೆಯ ಅಡಿಯಲ್ಲಿ ಅಗೆಯಲು ಆಗದು. ಅಲ್ಲಿ ನೆರವಾಗುವುದು ಕೊಳವೆಗಳ ಮೂಲಕ ನೆಲದೊಳಗಿನ ಗಾಳಿಯನ್ನು ಹೀರಿ, ಅದರ ಜೊತೆ ಬರುವ ಆವಿಯನ್ನು ಇದ್ದಿಲಿನಲ್ಲಿ ಹಿಡಿಯುವ ವಿಧಾನ. ಪೆಟ್ರೋಲ್ ಬೇಗ ಆವಿಯಾಗುವುದರಿಂದ, ಮುರಕಲ್ಲಿನಲ್ಲಿ ಗಾಳಿ ಸರಾಗವಾಗಿ ಆಡುವುದರಿಂದ, ನೀರು ಇಳಿದ ತಿಂಗಳುಗಳಲ್ಲಿ ಇದು ಚೆನ್ನಾಗಿ ಫಲ ಕೊಡಬೇಕು. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗದು. ಅದಕ್ಕೆ ಗಾಳಿಯೂದಿ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಒದಗಿಸುವುದೇ ಮೇಲು. ನೀರಿನಲ್ಲಿ ಕರಗಿರುವುದಕ್ಕೆ ನೀರನ್ನೆತ್ತಿ ಇದ್ದಿಲಿನಲ್ಲಿ ಸೋಸುವ ಕ್ರಮವಿದೆ, ಆದರೆ ಮೂಲವನ್ನು ತೆಗೆಯದೆ ಇದನ್ನೊಂದನ್ನೇ ಮಾಡಿದರೆ ವರ್ಷಗಟ್ಟಲೆ ಎತ್ತುತ್ತಲೇ ಇರಬೇಕಾಗುತ್ತದೆ.

ಉಳಿದದ್ದನ್ನು ಪ್ರಕೃತಿಗೆ ಬಿಡಬಹುದೆಂಬ ವಾದವನ್ನೂ ನೀವು ಕೇಳುತ್ತೀರಿ. ಅದರಲ್ಲಿ ಸತ್ಯವಿದೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 1995ರಲ್ಲಿ ಅಲ್ಲಿನ ಸೋರಿಕೆಗಳನ್ನು ಪರಿಶೀಲಿಸಿ, ಬೆಂಜೀನ್ ಕರಗಿದ ನೀರಿನ ಹರಹು ಬಹುತೇಕ ಕಡೆ 250 ಅಡಿಯ ಒಳಗೇ ನಿಲ್ಲುತ್ತದೆ ಎಂದು ಕಂಡಿತು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಆದರೆ ನಿಮ್ಮ ಬಾವಿ ಆ ದೂರದ ಒಳಗೇ ಇದೆ, ಮುರಕಲ್ಲಿನ ಪೊಳ್ಳುಗಳಿಗೆ ಅಲ್ಲಿನ ಅಳತೆಯನ್ನು ಹಾಗೆಯೇ ಒಪ್ಪಿಸಲೂ ಆಗದು. ಎಥೆನಾಲ್ ಬೆರೆತಿದ್ದರೆ ಸೂಕ್ಷ್ಮಜೀವಿಗಳು ಮೊದಲು ಅದಕ್ಕೇ ಆಮ್ಲಜನಕವನ್ನು ಖರ್ಚುಮಾಡಿ ಬೆಂಜೀನನ್ನು ಹಿಂದಕ್ಕೆ ಉಳಿಸುತ್ತವೆ. ಆಮ್ಲಜನಕ ಮುಗಿದ ಮೇಲೆ ಅವು ಮುರಕಲ್ಲಿನ ಕಬ್ಬಿಣವನ್ನು ಬಳಸಿಕೊಳ್ಳುವುದರಿಂದ ಕಬ್ಬಿಣ ನೀರಿನಲ್ಲಿ ಕರಗುತ್ತದೆ. ಎತ್ತಿಟ್ಟ ನೀರು ಮೊದಲಿಗಿಂತ ಬೇಗ ಕೆಂಪಾಗುತ್ತಿದ್ದರೆ ಅದನ್ನೂ ತನಿಖೆಯವರಿಗೆ ತಿಳಿಸಿ. ಮೂಲವನ್ನು ತೆಗೆದು, ಇಳಿಕೆಯನ್ನು ಅಳೆದು ತೋರಿಸುತ್ತಿರುವವರೆಗೆ ಮಾತ್ರ ಪ್ರಕೃತಿಗೆ ಬಿಡುವ ಮಾತನ್ನು ನಾನು ಒಪ್ಪುತ್ತೇನೆ.

ಖರ್ಚು ಮಾಲಿನ್ಯ ಮಾಡಿದವರದು. 1996ರಲ್ಲಿ ಸುಪ್ರೀಂ ಕೋರ್ಟು ವೆಲ್ಲೂರಿನ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ ಈ ತತ್ವವನ್ನು ನಮ್ಮ ಕಾನೂನಿನ ಭಾಗವೆಂದು ಎತ್ತಿಹಿಡಿದಿದೆ. 1974ರ ಜಲ ಕಾಯ್ದೆಯ 24ನೇ ಕಲಂ ಬಾವಿಗೆ ಅಥವಾ ನೆಲಕ್ಕೆ ಮಲಿನ ವಸ್ತು ಸೇರಲು ತಿಳಿದೂ ಬಿಡುವುದನ್ನು ನಿಷೇಧಿಸುತ್ತದೆ. ನೀವು ಲಿಖಿತವಾಗಿ ತಿಳಿಸಿದ ದಿನದಿಂದ ತಿಳಿದಿರಲಿಲ್ಲ ಎನ್ನುವ ಮಾತಿಗೆ ಎಡೆಯಿಲ್ಲ. ಟ್ಯಾಂಕು, ಪೈಪುಗಳು ಸಾಮಾನ್ಯವಾಗಿ ತೈಲ ಕಂಪನಿಯವು, ಬಂಕ್ ನಡೆಸುವವರು ಡೀಲರ್. ಹೀಗಾಗಿ ಪತ್ರ ಇಬ್ಬರಿಗೂ ಹೋಗಲಿ. ಅದರ ಪ್ರತಿಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಜಿಲ್ಲಾಧಿಕಾರಿಗೆ, ಪೆಟ್ರೋಲ್ ದಾಸ್ತಾನಿಗೆ ಪರವಾನಗಿ ಕೊಡುವ ಪೆಸೊ ಸಂಸ್ಥೆಗೆ ಹೋಗಲಿ. ಅದೇ ಕಾಯ್ದೆಯ 21ನೇ ಕಲಂ ಮಂಡಳಿಯ ಅಧಿಕಾರಿಗೆ ಬಾವಿಯಿಂದ ಮಾದರಿ ತೆಗೆಯುವ ಅಧಿಕಾರ ಕೊಟ್ಟಿದೆ. ನೀವೇ ಮಾಡಿಸಿದ ಪರೀಕ್ಷೆ ನಿಮಗೆ ತಿಳಿಯಲು, ಅವರು ತೆಗೆದ ಮಾದರಿ ವಾದದಲ್ಲಿ ನಿಲ್ಲಲು, ಎರಡೂ ಇರಲಿ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಶಂಕಿತ ಸ್ಥಳಗಳನ್ನು ಜಿಲ್ಲಾಡಳಿತ ಗುರುತಿಸುವುದು, ಮಂಡಳಿ ಪರಿಶೀಲಿಸುವುದು, ಹೊಣೆಗಾರರಿಂದ ವೆಚ್ಚ ಭರಿಸಿಕೊಳ್ಳುವುದು ಅದರಲ್ಲಿದೆ. ಪರಿಹಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷಗಳ ಅವಧಿಯಿದೆ, ಆದ್ದರಿಂದ ಕಳೆದ ಏಪ್ರಿಲಿನ ಆ ದಿನಾಂಕವನ್ನು ನೆನಪಿದ್ದಾಗಲೇ ಬರೆದಿಡಿ. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ತೈಲದ ಪೈಪ್‌ಲೈನ್ ಸೋರಿ ಮನೆಗಳ ಕೊಳವೆಬಾವಿಗಳಿಗೆ ಇಂಧನ ಬಂದಾಗಲೂ ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ನೆಲ ಶುದ್ಧಿಗೆ ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ನಿಮ್ಮ ಮನೆಗೆ ಬೇರೆ ನೀರು ಒದಗಿಸಬೇಕೆಂದು ಮೊದಲ ಪತ್ರದಲ್ಲೇ ಕೇಳಿ, ಅದನ್ನು ಆಮೇಲಿನ ಮಾತೆಂದು ಬಿಡಬೇಡಿ.

ಬಾವಿಯನ್ನು ಮತ್ತೆ ಯಾವಾಗ ಬಳಸಬಹುದು ಎಂದು ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಸೋರಿಕೆ ನಿಂತು, ತೇಲುವ ಪದರ ಹೋದ ಮೇಲೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ ನಡೆಯಲಿ. ಅದರಲ್ಲಿ ಎರಡು ವರ್ಷಗಳ ಏಪ್ರಿಲ್-ಮೇ ತಿಂಗಳ ಮಾದರಿ, ಅಂದರೆ ನೀರು ಅತಿ ಕೆಳಗಿಳಿದಾಗ ತೆಗೆದದ್ದು, ಖಂಡಿತ ಇರಬೇಕು. ಆ ಎರಡೂ ಬೇಸಿಗೆಗಳಲ್ಲಿ ಬೆಂಜೀನ್ 10 ಮೈಕ್ರೋಗ್ರಾಂಗಿಂತ ಕೆಳಗೇ ಉಳಿದು, ಬಂಕಿನ ಕಡೆಯ ವೀಕ್ಷಣಾ ಕೊಳವೆಗಳಲ್ಲೂ ಅದು ಇಳಿಯುತ್ತಲೇ ಬಂದಿದ್ದರೆ ಆ ನೀರನ್ನು ಕುಡಿಯಲು ನಾನು ಒಪ್ಪುತ್ತೇನೆ. ಆಗಸ್ಟಿನಲ್ಲಿ ತೆಗೆದ ಒಂದೇ ಒಂದು ಶುದ್ಧ ವರದಿಯ ಮೇಲೆ ಒಪ್ಪಲಾರೆ.